ವೃತ್ತಿ ಕಲಿಕೆಗೂ ಶಾಸ್ತ್ರ ಕಲಿಕೆಗೂ ಒಂದೇ ಪ್ರಮಾಣಪತ್ರ: ಕ್ರೆಡಿಟ್, ಪ್ರಾಕ್ಟಿಕಲ್, ಗಣಿತ ಹೇಗೆ ಹೊಂದಿಸುವುದು?

ಕರಡುಪ್ರತಿ

16ರಿಂದ 18 ವಯಸ್ಸಿನವರಿಗೆ ಎರಡು ವರ್ಷದ ಒಂದೇ ಪ್ರಮಾಣಪತ್ರ ಕೊಡುವ ಚೌಕಟ್ಟೊಂದನ್ನು ಇಲ್ಲಿ ಚರ್ಚೆಗೆ ಇಡುತ್ತಿದ್ದೇನೆ. ಓದುವವರಿಗೆ ಪರೀಕ್ಷೆ, ಓದು ಹತ್ತದವರಿಗೆ ವೃತ್ತಿ ಕೋರ್ಸು ಎಂಬ ಒಡಕು ಹೋಗಬೇಕು ಅನ್ನುವುದು ಉದ್ದೇಶ.

ವರ್ಷಕ್ಕೆ 36 ವಾರ, ವಾರಕ್ಕೆ 30 ಗಂಟೆ, ಎರಡು ವರ್ಷಕ್ಕೆ 2,160 ಗಂಟೆ. ಇದರಲ್ಲಿ ಭಾಷೆ, ಗಣಿತ, ವಿಜ್ಞಾನ, ಸಮಾಜ ಎಲ್ಲರಿಗೂ ಸೇರಿ 900. ಆಯ್ದುಕೊಂಡ ಕ್ಷೇತ್ರಕ್ಕೆ, ಅದು ಭೌತಶಾಸ್ತ್ರವಾಗಲಿ ವೈರಿಂಗ್ ಆಗಲಿ, 720. ಕೆಲಸದ ಜಾಗದಲ್ಲಿ 240, ಸ್ವತಂತ್ರ ಪ್ರಾಜೆಕ್ಟಿಗೆ 120, ಐಚ್ಛಿಕಕ್ಕೆ 180. 30 ಗಂಟೆಗೆ ಒಂದು ಕ್ರೆಡಿಟ್ ಹಿಡಿದರೆ ಒಟ್ಟು 72 ಕ್ರೆಡಿಟ್.

ಮೂರು ವಿಷಯದಲ್ಲಿ ಸಲಹೆ ಬೇಕು. ಗಂಟೆ ಸಮವಿದ್ದರೆ ಕ್ರೆಡಿಟ್ಟೂ ಸಮ ಎಂದು ನಿಯಮ ಮಾಡಿಬಿಟ್ಟರೆ ಎರಡು ಕಲಿಕೆಗೂ ಸಮಾನ ಮರ್ಯಾದೆ ಬರುತ್ತದೆಯೇ? ವೃತ್ತಿ ವಿಷಯದಲ್ಲಿ ಥಿಯರಿಗೆ 50, ಪ್ರಾಕ್ಟಿಕಲ್‌ಗೆ 50 ಇಟ್ಟು ಒಟ್ಟು 35 ಬಂದರೆ ಪಾಸ್ ಎಂದರೆ ಸರಿಯೇ? ಈ ದಾರಿಯಲ್ಲಿ ಹೋದ ಬೇರೆ ದೇಶಗಳು ಎಡವಿದ್ದು ಎಲ್ಲಿ?

ಹಳೆವರದಿ

ಮೂರನೆಯದರಿಂದ ಶುರು ಮಾಡುತ್ತೇನೆ. ಮೊದಲನೆಯದಕ್ಕೆ ಉತ್ತರವೂ ಅಲ್ಲೇ ಸಿಗುತ್ತದೆ.

ನಿಮ್ಮ ಕರಡಿಗೆ ತೀರಾ ಹತ್ತಿರದ್ದು ಇಂಗ್ಲೆಂಡಿನಲ್ಲಿ ಮೈಕ್ ಟಾಮ್ಲಿನ್‌ಸನ್ ನೇತೃತ್ವದ ತಂಡ 2004ರ ಅಕ್ಟೋಬರ್‌ನಲ್ಲಿ ಕೊಟ್ಟ ವರದಿ. ಜಿಸಿಎಸ್ಇ (16ರ ವಯಸ್ಸಿನ ಶಾಲಾ ಪರೀಕ್ಷೆ), ಎ-ಲೆವೆಲ್ (18ರ ವಯಸ್ಸಿನದು), ವೃತ್ತಿ ಸರ್ಟಿಫಿಕೇಟುಗಳನ್ನೆಲ್ಲ ನಿಧಾನವಾಗಿ ಒಂದೇ ಡಿಪ್ಲೊಮಾದೊಳಗೆ ತರುವ ಯೋಜನೆ ಅದು. ನಾಲ್ಕು ಮಟ್ಟ, ಎಲ್ಲರಿಗೂ ಸಾಮಾನ್ಯವಾದ ಒಂದು ತಿರುಳು, ಅದರ ಜೊತೆಗೆ ಒಂದು ದೊಡ್ಡ ಪ್ರಾಜೆಕ್ಟು. ಚುನಾವಣೆ ಹತ್ತಿರವಿತ್ತು. ಎ-ಲೆವೆಲ್ ಮುಟ್ಟಿದರೆ ಪೋಷಕರು ಸಿಟ್ಟಾದಾರು ಎಂಬ ಅಂಜಿಕೆಯೂ ಇತ್ತು. 2005ರ ಫೆಬ್ರವರಿಯಲ್ಲಿ ಸರ್ಕಾರ ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂಬಂತೆ ನಡೆದುಕೊಂಡಿತು. ಹಳೆಯ ಪರೀಕ್ಷೆಗಳು ಹಾಗೇ ಉಳಿದವು, ಅವುಗಳ ಪಕ್ಕದಲ್ಲಿ ವೃತ್ತಿ ಕ್ಷೇತ್ರಗಳಿಗಷ್ಟೇ ಹೊಸ ಡಿಪ್ಲೊಮಾ ಬಂತು.

ಆ ಡಿಪ್ಲೊಮಾ ಪಾಠ 2008ರ ಸೆಪ್ಟೆಂಬರ್‌ನಲ್ಲಿ ಐದು ಕ್ಷೇತ್ರಗಳಲ್ಲಿ ಶುರುವಾಯಿತು: ಕಟ್ಟಡ ನಿರ್ಮಾಣ, ಎಂಜಿನಿಯರಿಂಗ್, ಐಟಿ, ಸೃಜನಶೀಲ ಮಾಧ್ಯಮ, ಸಮಾಜ ಮತ್ತು ಆರೋಗ್ಯ. ಒಂದು ಶಾಲೆಗೆ ಇಷ್ಟನ್ನೂ ಕಲಿಸುವ ತಾಕತ್ತಿರಲಿಲ್ಲ. ಹಾಗಾಗಿ ಶಾಲೆ, ಕಾಲೇಜುಗಳು ಕೂಟ ಕಟ್ಟಿಕೊಂಡವು, ವಿದ್ಯಾರ್ಥಿಗಳು ವಾರದಲ್ಲಿ ಒಂದೆರಡು ದಿನ ಇನ್ನೊಂದು ಕಟ್ಟಡಕ್ಕೆ ಓಡಾಡಬೇಕಾಯಿತು. ಪಕ್ಕದಲ್ಲೇ ಎಲ್ಲರಿಗೂ ಗೊತ್ತಿದ್ದ ಎ-ಲೆವೆಲ್ ಇರುವಾಗ ಈ ಗೊಂದಲದ ಸರ್ಟಿಫಿಕೇಟನ್ನು ಯಾರು ಆರಿಸಿಕೊಂಡಾರು? 2013ರ ಹೊತ್ತಿಗೆ ಅದು ನಿಂತೇಹೋಯಿತು. ಟಾಮ್ಲಿನ್‌ಸನ್ ಯೋಚನೆಯಲ್ಲಿ ಬದುಕಿ ಉಳಿದದ್ದು ಪ್ರಾಜೆಕ್ಟ್ ಒಂದೇ. 120 ಗಂಟೆಯ ಪ್ರತ್ಯೇಕ ಅರ್ಹತೆಯಾಗಿ ಅದು ಈಗಲೂ ನಡೆಯುತ್ತಿದೆ, ಅರ್ಧ ಎ-ಲೆವೆಲ್‌ಗೆ ಸಮ. ನಿಮ್ಮ ಕರಡಿನ 120 ಅಲ್ಲಿಂದಲೇ ಬಂದಿರಬೇಕು.

ಈಗ ಕ್ರೆಡಿಟ್ ವಿಚಾರ. 1990ರ ದಶಕದಲ್ಲಿ ಬಂದ ಜಿಎನ್‌ವಿಕ್ಯೂ ಎಂಬ ವೃತ್ತಿ ಕೋರ್ಸಿನ ಮಧ್ಯಮ ಮಟ್ಟವನ್ನು ನಾಲ್ಕು ಒಳ್ಳೆಯ ಜಿಸಿಎಸ್ಇಗೆ ಸಮ ಎಂದು ಲೆಕ್ಕ ಹಿಡಿದರು. ಶಾಲೆಗಳ ಸಾಧನಾ ಪಟ್ಟಿಯಲ್ಲಿ ಅದು ನಾಲ್ಕು ಪಾಸ್. ಕಡಿಮೆ ಶ್ರಮಕ್ಕೆ ಪಟ್ಟಿಯಲ್ಲಿ ಮೇಲೇರುವ ದಾರಿ ಇದು ಎಂದು ಶಾಲೆಗಳಿಗೆ ಹೊಳೆಯಲು ಹೆಚ್ಚು ಕಾಲ ಹಿಡಿಯಲಿಲ್ಲ. ಆಮೇಲೆ ಬಂದ ಇಂಥ ಕೋರ್ಸುಗಳಲ್ಲೂ ಅದೇ ಆಟ ಮುಂದುವರಿಯಿತು. 2011ರ ಮಾರ್ಚ್‌ನಲ್ಲಿ ಸರ್ಕಾರಕ್ಕಾಗಿ ವೃತ್ತಿ ಶಿಕ್ಷಣವನ್ನು ಪರಿಶೀಲಿಸಿದ ಆಲಿಸನ್ ವುಲ್ಫ್ ವರದಿ ಇದನ್ನು ನೇರವಾಗಿ ಹೇಳಿತು: 16ರಿಂದ 19 ವಯಸ್ಸಿನ ಸುಮಾರು 3.5 ಲಕ್ಷ ಮಂದಿಗೆ ಆಗಿನ ವ್ಯವಸ್ಥೆಯಿಂದ ಹೆಚ್ಚೇನೂ ಪ್ರಯೋಜನವಿಲ್ಲ. 2014ರ ಪಟ್ಟಿಗಳಿಂದ ಯಾವ ಕೋರ್ಸಾದರೂ ಒಂದೇ ಪಾಸ್ ಎಂದು ಎಣಿಸಲು ಶುರು ಮಾಡಿದರು.

ಸಮಾನ ಕ್ರೆಡಿಟ್ ಬೇಡ ಎನ್ನುತ್ತಿಲ್ಲ. ಆದರೆ ಅದೇ ಕ್ರೆಡಿಟ್ ಶಾಲೆಯ ರ‍್ಯಾಂಕಿಗೂ ಅನುದಾನಕ್ಕೂ ಅಳತೆಗೋಲಾದ ದಿನ ಸಮಾನತೆ ಕಾಗದದಲ್ಲೇ ಉಳಿಯುತ್ತದೆ. ಕ್ರೆಡಿಟ್ಟು ವಿದ್ಯಾರ್ಥಿ ಒಂದು ದಾರಿಯಿಂದ ಇನ್ನೊಂದಕ್ಕೆ ದಾಟಲು ಮಾತ್ರ ಬಳಕೆಯಾಗಲಿ ಎಂದು ಕರಡಿನಲ್ಲೇ ಬರೆಯಿರಿ.

ಇನ್ನೊಂದು ಬಲೆ: ಭಾರತದಲ್ಲಿ ಸಿಬಿಎಸ್‌ಇ ಹತ್ತನೇ ತರಗತಿಗೆ ತಂದ ನಿಯಮ. ಗಣಿತ, ವಿಜ್ಞಾನ, ಸಮಾಜ ವಿಜ್ಞಾನಗಳಲ್ಲಿ ಯಾವುದಾದರೂ ಒಂದರಲ್ಲಿ ಫೇಲಾದರೆ, ಆರನೆಯ ವಿಷಯವಾಗಿ ತೆಗೆದುಕೊಂಡು ಪಾಸಾದ ಕೌಶಲ ವಿಷಯವನ್ನು ಅದರ ಬದಲು ಹಿಡಿಯಬಹುದು. ವಿದ್ಯಾರ್ಥಿಗೆ ಅನುಕೂಲ, ನಿಜ. ಆದರೆ ಕೌಶಲ ವಿಷಯ ಇರುವುದೇ ಫೇಲಾದವರನ್ನು ದಡ ಸೇರಿಸಲು ಎಂಬ ಅರ್ಥ ಪೋಷಕರಿಗೂ ಹೋಗುತ್ತದೆ, ಮೇಷ್ಟರಿಗೂ ಹೋಗುತ್ತದೆ. ಬದಲಿ ನಿಯಮ ಇಡುವುದಾದರೆ ಎರಡೂ ದಿಕ್ಕಿಗೆ ಇರಬೇಕು, ಇಲ್ಲವೇ ಇಡಲೇಬಾರದು.

ಅಂಕಗಣಕ

ಎರಡನೆಯ ಪ್ರಶ್ನೆಗೆ: 50 + 50 ಕೂಡಿಸಿ 35ಕ್ಕೆ ಪಾಸ್ ಅನ್ನುವುದನ್ನು ಇವತ್ತೇ ಹೊಡೆದುಹಾಕಿ. ಥಿಯರಿಯಲ್ಲಿ 40 ತೆಗೆದವನು ಪ್ರಾಕ್ಟಿಕಲ್‌ನಲ್ಲಿ ಸೊನ್ನೆ ತೆಗೆದರೂ ಪಾಸಾಗುತ್ತಾನೆ. ವಾಸ್ತವದಲ್ಲಿ ಆಗುವುದು ಅದಕ್ಕೆ ತಿರುಗುಮುರುಗು. ಶಾಲೆಯವರೇ ಹಾಕುವ ಪ್ರಾಕ್ಟಿಕಲ್ ಅಂಕ ಎಲ್ಲರಿಗೂ 45ರಿಂದ 50ರೊಳಗೆ ಬಂದು ಕೂರುತ್ತದೆ, ಪರೀಕ್ಷೆ ಬರೆಯುವ ಮೊದಲೇ ಎಲ್ಲರೂ ಪಾಸು. ಎರಡಕ್ಕೂ ಬೇರೆ ಬೇರೆ ಕನಿಷ್ಠ ಅಂಕ ಇಡಿ, ಒಂದರ ಕೊರತೆಯನ್ನು ಇನ್ನೊಂದರಿಂದ ತುಂಬಲು ಬಿಡಬೇಡಿ.

ಅದಕ್ಕಿಂತ ಮುಖ್ಯವಾದದ್ದು ಪ್ರಾಕ್ಟಿಕಲ್‌ನಲ್ಲಿ ಏನನ್ನು ನೋಡಿ ಅಂಕ ಹಾಕುತ್ತೀರಿ ಅನ್ನುವುದು. ಒಂದೇ ಉದಾಹರಣೆ ಬಿಡಿಸಿ ನೋಡೋಣ: ಮೆಟ್ಟಿಲ ದೀಪವನ್ನು ಮೇಲಿಂದಲೂ ಕೆಳಗಿಂದಲೂ ಹಾಕಿ ಆರಿಸುವ ಟೂ-ವೇ ಸ್ವಿಚ್ ವೈರಿಂಗ್, ಬೋರ್ಡಿನ ಮೇಲೆ, 90 ನಿಮಿಷ. ಸಾಮಾನ್ಯವಾಗಿ ಕಾಣುವ ಅಂಕ ಹಂಚಿಕೆ 'ಸರ್ಕ್ಯೂಟ್ ಕೆಲಸ ಮಾಡುತ್ತದೆ 20, ಅಚ್ಚುಕಟ್ಟು 10, ಸುರಕ್ಷತೆ 10, ವೈವಾ 10'. ವಿದ್ಯಾರ್ಥಿ ಫೇಸ್ ತಂತಿಯ ಬದಲು ನ್ಯೂಟ್ರಲ್ ತಂತಿಯನ್ನು ಸ್ವಿಚ್ಚಿನ ಮೂಲಕ ಹಾಯಿಸಿದ ಎಂದಿಟ್ಟುಕೊಳ್ಳಿ. ದೀಪ ಹತ್ತುತ್ತದೆ, ಎರಡೂ ಕಡೆಯಿಂದ ಆರುತ್ತದೆ. ಪರೀಕ್ಷಕ 20ಕ್ಕೆ 20 ಹಾಕುತ್ತಾನೆ. ಆದರೆ ದೀಪ ಆರಿದ್ದಾಗಲೂ ಹೋಲ್ಡರಿನಲ್ಲಿ ಕರೆಂಟ್ ಇರುತ್ತದೆ. ಬಲ್ಬ್ ಬದಲಿಸಲು ಕೈ ಹಾಕಿದವನಿಗೆ ಶಾಕ್. ಕೊಲ್ಲಬಲ್ಲ ವೈರಿಂಗ್‌ಗೆ ಪೂರ್ಣಾಂಕ ಸಿಕ್ಕಿತು!

ಹಾಗಾಗಿ ಮಾನದಂಡವನ್ನು ಎರಡು ಬಗೆಯಾಗಿ ಒಡೆಯಬೇಕು. ಮೊದಲ ಬಗೆಗೆ ಅಂಕವೇ ಇಲ್ಲ, 'ಆಯಿತು' ಅಥವಾ 'ಇನ್ನೂ ಆಗಿಲ್ಲ' ಅಷ್ಟೇ. ಕೈ ಹಾಕುವ ಮೊದಲು ಸಪ್ಲೈ ತೆಗೆದು, ಟೆಸ್ಟರ್ ಹಿಡಿದು ಕರೆಂಟ್ ಇಲ್ಲವೆಂದು ಖಚಿತ ಮಾಡಿಕೊಂಡನೇ? ಸ್ವಿಚ್ ಫೇಸ್ ಮೇಲಿದೆಯೇ? ಅರ್ತ್ ತಂತಿ ಕೊನೆಯವರೆಗೂ ತುಂಡಾಗದೆ ಹೋಗಿದೆಯೇ? 500 ವೋಲ್ಟ್ ಡಿಸಿಯಲ್ಲಿ ಇನ್ಸುಲೇಷನ್ ಅಳೆದಾಗ ಕನಿಷ್ಠ 1 ಮೆಗಾಓಮ್ ಬಂತೇ? ನಾಲ್ಕರಲ್ಲಿ ಒಂದು ತಪ್ಪಿದರೂ ಉಳಿದದ್ದು ಎಷ್ಟೇ ಚೆಂದವಿರಲಿ ಫಲಿತಾಂಶ 'ಇನ್ನೂ ಆಗಿಲ್ಲ'. ಎರಡು ವಾರ ಬಿಟ್ಟು ಮತ್ತೆ ಮಾಡಲಿ. ಇಲ್ಲಿ ಕೃಪಾಂಕಕ್ಕೆ ಜಾಗವಿಲ್ಲ. (ಇನ್ಸುಲೇಷನ್ ಅಳೆಯುವಾಗ ಬಲ್ಬ್ ತೆಗೆದಿರಬೇಕು. ಫೇಸ್, ನ್ಯೂಟ್ರಲ್ ನಡುವೆ ಬಲ್ಬ್ ಇದ್ದರೆ ಅದರ ಮೂಲಕವೇ ಕರೆಂಟ್ ಹಾದು ರೀಡಿಂಗ್ ಸೊನ್ನೆಯ ಹತ್ತಿರ ಬರುತ್ತದೆ. ವಿದ್ಯಾರ್ಥಿ ಇಲ್ಲದ ದೋಷ ಹುಡುಕುತ್ತಾ ಅರ್ಧ ತಾಸು ಕಳೆಯುತ್ತಾನೆ. ಇದನ್ನು ಗಮನಿಸದ ಪರೀಕ್ಷಕರೂ ಇದ್ದಾರೆ.)

ಎರಡನೆಯ ಬಗೆಗೆ ಅಂಕ: ನಕ್ಷೆ ಓದಿದ್ದು, ತಂತಿ ವ್ಯರ್ಥ ಮಾಡದ್ದು, ಟರ್ಮಿನಲ್‌ನ ಹೊರಗೆ ತಾಮ್ರ ಕಾಣದಂತೆ ಬಿಗಿದದ್ದು, ಸಮಯ. ಇದರಲ್ಲಿ ಮೂರನೇ ಒಂದು ಪಾಲನ್ನಾದರೂ ದೋಷ ಹುಡುಕುವುದಕ್ಕೆ ಇಡಿ. ಮುಗಿದ ಬೋರ್ಡಿನಲ್ಲಿ ಪರೀಕ್ಷಕ ಒಂದು ತಪ್ಪು ಸೇರಿಸಬೇಕು, ಉದಾಹರಣೆಗೆ ಒಂದು ಸ್ವಿಚ್ಚಿನ ಕಾಮನ್ ತಂತಿಯನ್ನೂ ಪಕ್ಕದ ತಂತಿಯನ್ನೂ ಅದಲುಬದಲು ಮಾಡಬಹುದು. ಆಗ ಇನ್ನೊಂದು ಸ್ವಿಚ್ ಒಂದು ಸ್ಥಾನದಲ್ಲಿದ್ದಾಗ ಮಾತ್ರ ದೀಪ ಹತ್ತುತ್ತದೆ. 15 ನಿಮಿಷ, ಒಂದು ಮೀಟರ್. ಎಲ್ಲಿ ತಪ್ಪಾಗಿದೆ, ಏಕೆ ಹೀಗಾಗುತ್ತಿದೆ ಎಂದು ಮೂರು ವಾಕ್ಯ ಬರೆಯಬೇಕು. ತಿಳಿವಳಿಕೆ ಇಲ್ಲದೆ ಬರೀ ಕೈ ಅಭ್ಯಾಸದಿಂದ ಇದನ್ನು ದಾಟಲಾಗದು. ವೃತ್ತಿ ವಿಷಯದಲ್ಲಿ ಶಾಸ್ತ್ರ ಎಲ್ಲಿದೆ ಎಂದು ಕೇಳುವವರಿಗೆ ಈ 15 ನಿಮಿಷ ತೋರಿಸಿದರೆ ಸಾಕು. ದೋಷಗಳ ಪಟ್ಟಿಯಲ್ಲಿ ಆರೇಳಾದರೂ ಇರಲಿ, ಇಲ್ಲದಿದ್ದರೆ ಬೆಳಗಿನ ತಂಡದವರು ಮಧ್ಯಾಹ್ನದವರಿಗೆ ಹೇಳಿಬಿಡುತ್ತಾರೆ.

ಒಂದೇ ಕೆಲಸ ಕೊಟ್ಟು ತೀರ್ಪು ಕೊಡಬೇಡಿ. ಪ್ರಾಕ್ಟಿಕಲ್ ಅಂಕ ಏರುಪೇರಾಗುವುದು ಪರೀಕ್ಷಕ ಬದಲಾದಾಗ ಎಂದು ಜನ ಅಂದುಕೊಳ್ಳುತ್ತಾರೆ. ಕೊಟ್ಟ ಕೆಲಸ ಬದಲಾದಾಗ ಅದು ಸಾಮಾನ್ಯವಾಗಿ ಇನ್ನೂ ಹೆಚ್ಚು ಏರುಪೇರಾಗುತ್ತದೆ. ಒಬ್ಬ ವಿದ್ಯಾರ್ಥಿಯ ಒಂದು ಕೆಲಸವನ್ನು ಇಬ್ಬರು ಪರೀಕ್ಷಕರು ನೋಡುವುದಕ್ಕಿಂತ ಎರಡು ಕೆಲಸಗಳನ್ನು ಒಬ್ಬೊಬ್ಬರು ನೋಡುವುದು ಮೇಲು. ಎರಡು ವರ್ಷದಲ್ಲಿ ಹರಡಿದ ನಾಲ್ಕೈದು ಕೆಲಸಗಳಿದ್ದರೆ ಅಂಕವನ್ನು ನಂಬಬಹುದು.

ಇನ್ನು ಮಾಡರೇಷನ್, ಅಂದರೆ ಶಾಲೆ ಹಾಕಿದ ಅಂಕವನ್ನು ಹೊರಗಿನವರು ಪರಿಶೀಲಿಸುವುದು. ಪ್ರತಿ ಶಾಲೆಯಿಂದ ಆರು ವಿದ್ಯಾರ್ಥಿಗಳ ವಿಡಿಯೋ, ಅಳತೆ ಹಾಳೆ ತರಿಸಿ: ಇಬ್ಬರು ಮೇಲಿನವರು, ಇಬ್ಬರು ಪಾಸಿನ ಗೆರೆಗೆ ಹತ್ತಿರದವರು, ಇಬ್ಬರು 'ಇನ್ನೂ ಆಗಿಲ್ಲ' ಎನಿಸಿಕೊಂಡವರು. ಯಾರನ್ನು ಕಳಿಸಬೇಕೆಂಬುದನ್ನು ಮಂಡಳಿ ಆರಿಸಬೇಕು, ಶಾಲೆಯಲ್ಲ. ಹೊರಗಿನವರ ಅಂಕಕ್ಕೂ ಶಾಲೆಯ ಅಂಕಕ್ಕೂ ನೂರಕ್ಕೆ ಆರಕ್ಕಿಂತ ಹೆಚ್ಚು ಅಂತರ ಬಂದರೆ ಇಡೀ ತಂಡದ್ದನ್ನು ಮತ್ತೆ ನೋಡಬೇಕು. 'ಇನ್ನೂ ಆಗಿಲ್ಲ' ಎನ್ನುವವರೇ ಇಲ್ಲದ ಶಾಲೆಗೆ ಮೊದಲು ಹೋಗಿ.

ಜರ್ಮನಿಯಲ್ಲಿ ಇದೇ ಕೆಲಸಕ್ಕೆ ಉದ್ಯಮ ಮಂಡಳಿಗಳ ಪರೀಕ್ಷಾ ಸಮಿತಿ ಇದೆ. ಮಾಲೀಕರ ಕಡೆಯವರೂ ಕಾರ್ಮಿಕರ ಕಡೆಯವರೂ ಸಮಸಂಖ್ಯೆಯಲ್ಲಿ, ಜೊತೆಗೆ ವೃತ್ತಿ ಶಾಲೆಯ ಒಬ್ಬ ಶಿಕ್ಷಕರಾದರೂ ಇರಬೇಕು. ಫಿನ್‌ಲೆಂಡಿನಲ್ಲಿ 2018ರ ಸುಧಾರಣೆಯ ಮೇಲೆ ವಿದ್ಯಾರ್ಥಿ ನಿಜವಾದ ಕೆಲಸದ ಜಾಗದಲ್ಲೇ ಮಾಡಿ ತೋರಿಸುತ್ತಾನೆ, ಶಿಕ್ಷಕರೂ ಅಲ್ಲಿನ ಮೇಲ್ವಿಚಾರಕರೂ ಸೇರಿ ತೀರ್ಪು ಕೊಡುತ್ತಾರೆ. ಎರಡೂ ಕಡೆ ಪ್ರಮಾಣಪತ್ರಕ್ಕೆ ಬೆಲೆ ಬಂದದ್ದು ಅದನ್ನು ನೋಡಿ ಕೆಲಸ ಕೊಡುವವರೇ ಅಳತೆಯಲ್ಲಿ ಕೈಜೋಡಿಸಿದ್ದರಿಂದ.

ಬೆಂಚ್‌ವೈಸ್

ಅಂಕಗಣಕರು ಹೇಳಿದ್ದನ್ನೆಲ್ಲ ಮಾಡಲು ವರ್ಕ್‌ಶಾಪಿನಲ್ಲಿ ಜಾಗ, ಸಮಯ ಬೇಕಲ್ಲ. ವೇಳಾಪಟ್ಟಿ ಬರೆಯುವಾಗ ಎಲ್ಲರೂ ಮರೆಯುವ ಲೆಕ್ಕ ಇದು.

240 ಗಂಟೆ ಹೊರಗಿನ ಕೆಲಸ ಎಂದರೆ ಎಂಟು ಪೂರ್ತಿ ವಾರ. ಉಳಿದ 64 ವಾರಗಳಿಗೆ 720 ಗಂಟೆ ಹಂಚಿದರೆ ವಾರಕ್ಕೆ 11 ಗಂಟೆ 15 ನಿಮಿಷ. ಮೂರು ಗಂಟೆಯ ಮೂರು ಬ್ಲಾಕ್ ಪ್ರಾಕ್ಟಿಕಲ್, 45 ನಿಮಿಷದ ಮೂರು ತರಗತಿ ಥಿಯರಿ, ಅಲ್ಲಿಗೆ ಸರಿಹೋಯಿತು. ಪ್ರಾಕ್ಟಿಕಲನ್ನು ದಯವಿಟ್ಟು 45 ನಿಮಿಷದ ಪೀರಿಯಡ್‌ಗಳಾಗಿ ಕತ್ತರಿಸಬೇಡಿ. ಉಪಕರಣ ತೆಗೆದು ಎಣಿಸಿಕೊಡಲು ಹತ್ತು ನಿಮಿಷ, ಒರೆಸಿ ಎಣಿಸಿ ಒಳಗಿಡಲು ಹತ್ತು, ನಡುವೆ ಉಳಿಯುವುದು 25. ಅಷ್ಟರಲ್ಲಿ ಒಂದು ಪೈಪಿಗೆ ನೆಟ್ಟಗೆ ಚೂಡಿ (ಥ್ರೆಡ್) ಕೊರೆಯುವುದೂ ಆಗುವುದಿಲ್ಲ.

ಕರೆಂಟ್, ತಿರುಗುವ ಯಂತ್ರ, ವೆಲ್ಡಿಂಗ್ ಇರುವ ಕಡೆ ಒಬ್ಬ ಇನ್‌ಸ್ಟ್ರಕ್ಟರ್‌ಗೆ 16ಕ್ಕಿಂತ ಹೆಚ್ಚು ವಿದ್ಯಾರ್ಥಿಗಳನ್ನು ಬಿಡಬೇಡಿ. ಒಂದು ತಂಡಕ್ಕೆ ವಾರಕ್ಕೆ 9 ಗಂಟೆ ಎಂದರೆ 30 ಗಂಟೆಯ ವಾರದಲ್ಲಿ ಒಂದು ವರ್ಕ್‌ಶಾಪ್ ಮೂರೇ ತಂಡ ಹಿಡಿಯುತ್ತದೆ, ಎರಡೂ ವರ್ಷದವರು ಸೇರಿ 48 ಮಂದಿ. ಈ ವರ್ಷ 32 ಸೇರಿಸಿದರೆ ಮುಂದಿನ ವರ್ಷ 16 ಮಾತ್ರ ಸೇರಿಸಬೇಕು. ಉಳಿಯುವ ಮೂರು ಗಂಟೆ ರಿಪೇರಿಗೆ, ಮುಂದಿನ ವಾರದ ಸಾಮಗ್ರಿ ಕತ್ತರಿಸಿಡಲು. ಪ್ರತಿ ವರ್ಷ 60 ಸೀಟು ಎಂದು ಕರಡಿನಲ್ಲಿ ಬರೆದ ದಿನವೇ ಅರ್ಧ ವಿದ್ಯಾರ್ಥಿಗಳು ನಿಂತು ನೋಡುವವರಾಗುತ್ತಾರೆ.

ಹಣದಲ್ಲಿ ಕೆಡುವುದು ಯಾವಾಗಲೂ ಒಂದೇ ಕಡೆ. ಯಂತ್ರ ಕೊಳ್ಳಲು ಒಂದು ಸಲದ ಅನುದಾನ ಬರುತ್ತದೆ. ತಂತಿ, ವೆಲ್ಡಿಂಗ್ ರಾಡ್, ಡ್ರಿಲ್ ಬಿಟ್, ಫ್ಯೂಸ್ ಇವುಗಳಿಗೆ ಪ್ರತಿವರ್ಷದ ಬಾಬತ್ತು ಇರುವುದಿಲ್ಲ. ಎರಡನೇ ವರ್ಷದಿಂದ ಮೇಷ್ಟ್ರು ಮಾಡಿ ತೋರಿಸುವುದು, ಮಕ್ಕಳು ರೆಕಾರ್ಡ್ ಬುಕ್ ಬರೆಯುವುದು. ಸಾಮಗ್ರಿ ಖರ್ಚನ್ನು ತಲಾ ವಿದ್ಯಾರ್ಥಿಗೆ ಇಷ್ಟು ಎಂದು ಕಟ್ಟಿ, ಬೇರೆ ಬಾಬತ್ತಿಗೆ ತಿರುಗಿಸಲಾಗದಂತೆ ಬರೆಯಿರಿ.

ಹೊರಗಿನ 240 ಗಂಟೆಯನ್ನು ನಾಲ್ಕು ವಾರದ ಎರಡು ಕಂತು ಮಾಡಿ. ಮಾಡಲೇಬೇಕಾದ ಹನ್ನೆರಡು ಕೆಲಸಗಳ ಪಟ್ಟಿ ಕೊಟ್ಟು, ಎಂಟಕ್ಕಾದರೂ ಅಲ್ಲಿನ ಮೇಲ್ವಿಚಾರಕರು ಆಯಾ ದಿನವೇ ಸಹಿ ಹಾಕಬೇಕೆನ್ನಿ. ಶಿಕ್ಷಕರು ಭೇಟಿ ಕೊಡಬೇಕಾದದ್ದು ಎರಡನೇ ವಾರದಲ್ಲಿ. ಕೊನೆಯ ದಿನ ಹೋದರೆ ಹುಡುಗ ನಾಲ್ಕು ವಾರ ಜೆರಾಕ್ಸ್ ಮಾಡಿದ್ದು ಗೊತ್ತಾಗುತ್ತದೆ, ಸರಿಪಡಿಸಲು ದಿನವೇ ಉಳಿದಿರುವುದಿಲ್ಲ.

ಕರಡುಪ್ರತಿ

ಸೀಟಿನ ಲೆಕ್ಕ ನಿಜಕ್ಕೂ ಕಣ್ಣು ತೆರೆಸಿತು, ಕರಡಿನಲ್ಲಿ ತಿದ್ದುತ್ತೇನೆ. ಎಲ್ಲರಿಗೂ ಸಾಮಾನ್ಯವಾದ 900 ಗಂಟೆಯ ಬಗ್ಗೆ ಮಾತ್ರ ಇನ್ನೂ ಗೊಂದಲ. ವೃತ್ತಿ ಆರಿಸಿದವರಿಗೂ ಅದೇ ಗಣಿತ ಪತ್ರಿಕೆ ಎಂದರೆ ಅವರು ಅಲ್ಲೇ ಬಿದ್ದುಹೋಗುತ್ತಾರೆ ಎನ್ನುತ್ತಾರೆ ಕೆಲವರು. ಬೇರೆ ಸುಲಭ ಪತ್ರಿಕೆ ಕೊಟ್ಟರೆ ವಿಶ್ವವಿದ್ಯಾಲಯದ ಬಾಗಿಲು ಮುಚ್ಚುತ್ತದೆ ಎನ್ನುತ್ತಾರೆ ಇನ್ನು ಕೆಲವರು.

ಸೇತುಬಂಧ

ಇಬ್ಬರು ಹೇಳುವುದೂ ಸರಿ. ಸ್ವೀಡನ್ನಿನಲ್ಲಿ ಎರಡೂ ಆಗಿವೆ.

1991ರ ಸುಧಾರಣೆಯಲ್ಲಿ ಅವರು ಎರಡು ವರ್ಷದ ವೃತ್ತಿ ಕೋರ್ಸನ್ನು ಮೂರಕ್ಕೆ ಏರಿಸಿ, ಸಾಮಾನ್ಯ ವಿಷಯಗಳನ್ನು ಹೆಚ್ಚಿಸಿ, ಮುಗಿಸಿದ ಎಲ್ಲರಿಗೂ ಉನ್ನತ ಶಿಕ್ಷಣದ ಮೂಲ ಅರ್ಹತೆ ಕೊಟ್ಟರು. ಅದಕ್ಕೆ ಮೊದಲು ಪ್ರಾಯೋಗಿಕವಾಗಿ ನಡೆಸಿದ ಕಡೆಗಳನ್ನು ಹೋಲಿಸಿ ನೋಡಿದಾಗ ವಿಶ್ವವಿದ್ಯಾಲಯ ಸೇರಿದವರ ಪ್ರಮಾಣ ಏರಿರಲಿಲ್ಲ, ಕೆಳಗಿನ ಅಂಕದವರಲ್ಲಿ ಅರ್ಧಕ್ಕೆ ಬಿಟ್ಟವರು ಹೆಚ್ಚಾಗಿದ್ದರು. 2011ರಲ್ಲಿ ಆ ಅರ್ಹತೆಯನ್ನು ಐಚ್ಛಿಕ ಮಾಡಿದರು. 2023ರಿಂದ ಮತ್ತೆ ಎಲ್ಲ ವೃತ್ತಿ ಕೋರ್ಸಿಗೂ ಸೇರಿಸಿದರು, ಈ ಸಲ ಬೇಡವಾದವರು ಬಿಡಬಹುದು ಎಂಬ ಅವಕಾಶದೊಡನೆ. ಮೂವತ್ತು ವರ್ಷ ಸುತ್ತಾಡಿ ಬಂದು ತಲುಪಿದ ಆ ಕೊನೆಯ ರೂಪ ನನಗೆ ಸರಿಯೆನಿಸುತ್ತದೆ: ಬಾಗಿಲು ತೆರೆದೇ ಇರಬೇಕು, ಮುಚ್ಚಿಕೊಳ್ಳುವ ಆಯ್ಕೆ ವಿದ್ಯಾರ್ಥಿಯದಾಗಿರಬೇಕು.

ಇಂಗ್ಲೆಂಡಿನದು ಇನ್ನೊಂದು ಪಾಠ. 16ಕ್ಕೆ ಗಣಿತ, ಇಂಗ್ಲಿಷ್‌ನಲ್ಲಿ ದಾಟದವರು ಮುಂದೆಯೂ ಅದನ್ನೇ ಓದಲೇಬೇಕೆಂದು 2014ರಿಂದ ಅನುದಾನದ ಷರತ್ತು ಹಾಕಿದರು. ಉದ್ದೇಶ ಒಳ್ಳೆಯದೇ. ಆದರೆ ಅದೇ ಪುಸ್ತಕ, ಅದೇ ಬಗೆಯ ಪ್ರಶ್ನೆಪತ್ರಿಕೆ ಮತ್ತೆ ಮತ್ತೆ, ಮರುಪರೀಕ್ಷೆಯಲ್ಲಿ ದಾಟುವವರು ಕಡಿಮೆ.

ಸ್ವಿಟ್ಜರ್ಲೆಂಡ್ ಇದನ್ನು ಬೇರೆ ರೀತಿ ಬಿಡಿಸಿಕೊಂಡಿತು. ಅಲ್ಲಿ ಮೂರನೇ ಎರಡು ಪಾಲಿನಷ್ಟು ಯುವಜನ ವೃತ್ತಿ ಶಿಕ್ಷಣಕ್ಕೇ ಹೋಗುತ್ತಾರೆ. ಅವರೆಲ್ಲರ ಮೇಲೂ ಶಾಸ್ತ್ರದ ಹೊರೆ ಇಲ್ಲ. 1990ರ ದಶಕದಲ್ಲಿ ತಂದ ವೃತ್ತಿ ಮಚೂರಾ ಎಂಬ, ಉನ್ನತ ಶಿಕ್ಷಣಕ್ಕೆ ಅರ್ಹತೆ ಕೊಡುವ ಪ್ರಮಾಣಪತ್ರವನ್ನು ಬೇಕಾದವರು ತರಬೇತಿಯ ಜೊತೆಗೇ ಅಥವಾ ಅದು ಮುಗಿದ ಮೇಲೆ ತೆಗೆದುಕೊಳ್ಳುತ್ತಾರೆ. ಕನಿಷ್ಠ 1,440 ಪಾಠದ ಅವಧಿ, ಒಂದು ಅಂತರಶಿಸ್ತೀಯ ಪ್ರಾಜೆಕ್ಟು. ತಾಂತ್ರಿಕ ದಾರಿಯವರಿಗೆ ಗಣಿತ ಹೆಚ್ಚು, ಬೇರೆಯವರಿಗೆ ಬೇರೆ ವಿಷಯ. ಅನ್ವಯಿಕ ವಿಶ್ವವಿದ್ಯಾಲಯಗಳಿಗೆ ಅದರಿಂದ ನೇರ ಪ್ರವೇಶ. ಸಾಂಪ್ರದಾಯಿಕ ವಿಶ್ವವಿದ್ಯಾಲಯ ಬೇಕೆಂದರೆ ಪಾಸರೆಲ್ ಎಂಬ ಪೂರಕ ಪರೀಕ್ಷೆ ಇದೆ. ನಾರ್ವೆಯಲ್ಲೂ ಎರಡು ವರ್ಷ ಶಾಲೆ, ಎರಡು ವರ್ಷ ತರಬೇತಿ, ಉನ್ನತ ಶಿಕ್ಷಣ ಬೇಕೆಂದವರಿಗೆ ಒಂದು ಪೂರಕ ವರ್ಷ.

ನಿಮ್ಮ ಕರಡಿಗೆ ಬಂದರೆ, ಗಣಿತ ಪತ್ರಿಕೆಯನ್ನು ಎರಡು ಭಾಗ ಮಾಡಿ. ಮೊದಲ ಭಾಗ ಎಲ್ಲರಿಗೂ ಒಂದೇ, ಒಂದೇ ದಿನ, ಒಂದೇ ಮೌಲ್ಯಮಾಪನ ತಂಡ. ಎರಡನೆಯದು ಕ್ಷೇತ್ರಕ್ಕೆ ತಕ್ಕದ್ದು, ಆದರೆ ಕಷ್ಟದ ಮಟ್ಟ ಇಳಿಯಬಾರದು. ಅನ್ವಯಿಕ ಗಣಿತ ಕೆಡುವುದು ಇಲ್ಲಿಯೇ. 2.5 ಚದರ ಮಿಮೀ ತಾಮ್ರದ ತಂತಿಯಲ್ಲಿ ಒಂದು ಆಂಪಿಯರಿಗೆ ಒಂದು ಮೀಟರಿಗೆ 18 ಮಿಲಿವೋಲ್ಟ್ ಇಳಿಯುತ್ತದೆ, 10 ಆಂಪಿಯರ್, 20 ಮೀಟರಿಗೆ ಎಷ್ಟು ಎಂದು ಕೇಳುತ್ತಾರೆ. 3.6 ವೋಲ್ಟ್, ಬರೀ ಗುಣಾಕಾರ. ಅದನ್ನೇ ತಿರುಗಿಸಿ: 230 ವೋಲ್ಟಿನಲ್ಲಿ ಇಳಿಕೆ ನೂರಕ್ಕೆ ಮೂರನ್ನು ಮೀರಬಾರದೆಂದರೆ ತಂತಿ ಎಷ್ಟು ಉದ್ದ ಹೋಗಬಹುದು? ಈಗ ಮಿತಿ 6.9 ವೋಲ್ಟ್, ಅಸಮಾನತೆ ಬರೆದು ಬಿಡಿಸಬೇಕು, ಉತ್ತರ 38.3 ಮೀಟರ್. ಮೂರನೇ ಹೆಜ್ಜೆಯಾಗಿ ಇದೇ ಸಂಬಂಧದ ಗ್ರಾಫ್ ಕೊಟ್ಟು, ತಂತಿ ದಪ್ಪವಾದರೆ ಗೆರೆಯ ಇಳಿಜಾರು ಹೇಗೆ ಬದಲಾಗುತ್ತದೆ ಎಂದು ಕೇಳಿ. ನಾಲ್ಕನೆಯದಾಗಿ ವೈರಿಂಗ್‌ಗೆ ಸಂಬಂಧವೇ ಇಲ್ಲದ ಸಂದರ್ಭದಲ್ಲಿ ಅದೇ ಅನುಪಾತ ಬರಲಿ, ಔಷಧದ ಪ್ರಮಾಣವೋ ಪೈಪಿನಲ್ಲಿ ನೀರಿನ ಒತ್ತಡವೋ. ಆ ನಾಲ್ಕನೆಯ ಪ್ರಶ್ನೆ ಇಲ್ಲದಿದ್ದರೆ ವಿದ್ಯಾರ್ಥಿ ತಂತಿಯ ಸೂತ್ರ ಕಲಿತ, ಗಣಿತ ಕಲಿಯಲಿಲ್ಲ.

ಇನ್ನೊಂದು: ನಿಮ್ಮ 180 ಐಚ್ಛಿಕ ಗಂಟೆಗಳನ್ನು ಚೂರುಚೂರು ಮಾಡಿ ಕಳೆಯಬೇಡಿ. ಅವನ್ನು ದಾಟುಸೇತುವೆಗೆ ಮೀಸಲಿಡಿ. ಮೊದಲ ವರ್ಷದ ಕೊನೆಗೆ ವೈರಿಂಗ್‌ನಿಂದ ಭೌತಶಾಸ್ತ್ರಕ್ಕೆ ಹೋಗಬೇಕೆನ್ನುವವನಿಗೆ ಬೇಕಾಗುವುದು ಅಷ್ಟೇ ಸಮಯ. ಭೌತಶಾಸ್ತ್ರದಿಂದ ವೈರಿಂಗ್‌ಗೆ ಬರುವವನಿಗೂ ಅಷ್ಟೇ, ಅವನದು ವರ್ಕ್‌ಶಾಪಿನಲ್ಲಿ.

ಹಳೆವರದಿ

ಸೇತುಬಂಧರ ಮಾತಿಗೆ ಒಂದು ಸೇರ್ಪಡೆ. ಮುಂದಿನ ಬಾಗಿಲನ್ನು ಕಾಯುವವರನ್ನು ಮೊದಲೇ ಒಪ್ಪಿಸಿಕೊಳ್ಳಿ. ಇಂಗ್ಲೆಂಡಿನ ಟಿ-ಲೆವೆಲ್ ಎಂಬ ತಾಂತ್ರಿಕ ಕೋರ್ಸು 2020ರ ಸೆಪ್ಟೆಂಬರ್‌ನಲ್ಲಿ ಶುರುವಾದಾಗ ಅದರ ಅತ್ಯುನ್ನತ ಗ್ರೇಡಿಗೆ ವಿಶ್ವವಿದ್ಯಾಲಯ ಪ್ರವೇಶದ ಲೆಕ್ಕದಲ್ಲಿ 168 ಅಂಕ ಇಟ್ಟರು, ಅತ್ಯುನ್ನತ ಗ್ರೇಡಾದ ಎ-ಸ್ಟಾರ್ ಪಡೆದ ಮೂರು ಎ-ಲೆವೆಲ್‌ಗೆ ಸಮ. ಆದರೂ ಯಾವ ಕೋರ್ಸಿಗೆ ಸೇರಿಸಿಕೊಳ್ಳುವುದು ಎಂಬುದು ಆಯಾ ವಿಶ್ವವಿದ್ಯಾಲಯದ ಕೈಯಲ್ಲೇ ಉಳಿಯಿತು, ಎಲ್ಲರೂ ಒಂದೇ ರೀತಿ ಒಪ್ಪಲಿಲ್ಲ. 2022ರಲ್ಲಿ ಆರೋಗ್ಯ, ವಿಜ್ಞಾನ ಕ್ಷೇತ್ರದ ಮೊದಲ ವರ್ಷದ ಪತ್ರಿಕೆಗಳು ವಿದ್ಯಾರ್ಥಿಗಳನ್ನು ಸರಿಯಾಗಿ ಅಳೆದಿಲ್ಲವೆಂದು ನಿಯಂತ್ರಕ ಸಂಸ್ಥೆಯೇ ಹೇಳಿ ಫಲಿತಾಂಶ ತಿದ್ದಿಸಬೇಕಾಯಿತು. ಮೊದಲ ತಂಡದಲ್ಲೇ ಹೀಗಾದರೆ ಹೆಸರು ಕಟ್ಟಿಕೊಳ್ಳಲು ವರ್ಷಗಳೇ ಬೇಕು.

ಆದ್ದರಿಂದ ಹತ್ತಾರು ಕ್ಷೇತ್ರಗಳನ್ನು ಒಟ್ಟಿಗೆ ಹೊರಡಿಸಬೇಡಿ. ಮೂರು ಸಾಕು. ಪ್ರತಿಯೊಂದಕ್ಕೂ ಕನಿಷ್ಠ ಎರಡು ಉನ್ನತ ಶಿಕ್ಷಣ ಕೋರ್ಸುಗಳಾದರೂ 'ಈ ಪ್ರಮಾಣಪತ್ರ, ಗಣಿತದ ಎರಡೂ ಭಾಗದಲ್ಲಿ ಇಂಥ ಗ್ರೇಡ್ ಇದ್ದರೆ ತೆಗೆದುಕೊಳ್ಳುತ್ತೇವೆ' ಎಂದು ಪಾಠ ಶುರುವಾಗುವ ಮುನ್ನ ಲಿಖಿತವಾಗಿ ಕೊಡಲಿ. ಪ್ರಶ್ನೆಪತ್ರಿಕೆಗಳನ್ನು ಒಂದು ವರ್ಷ ಮುಂಚೆ ಬೇರೆ ವಿದ್ಯಾರ್ಥಿಗಳ ಮೇಲೆ ಪರೀಕ್ಷಿಸಿ ನೋಡಿ. ಹಳೆಯ ಪ್ರಮಾಣಪತ್ರವನ್ನು ಎಂದು ನಿಲ್ಲಿಸುತ್ತೀರಿ ಎಂಬ ದಿನಾಂಕ ಕರಡಿನಲ್ಲಿ ಇದೆಯೇ? ನನಗೆ ಕಾಣಲಿಲ್ಲ. ಅದಿಲ್ಲದಿದ್ದರೆ 2008ರ ಡಿಪ್ಲೊಮಾದ ಕಥೆಯೇ ಮತ್ತೆ.